ಮೂರು ಮದುವೆ, ಒಂದು ಯುದ್ಧ



ಚೆನ್ನೈನಲ್ಲೇ ಹುಟ್ಟಿ, ಇಲ್ಲೇ ಶಾಲೆ-ಕಾಲೇಜು ಮುಗಿಸಿದ ನಿಮಗೆ ಮಣಿರತ್ನಂ ಯಾರೆಂದು ಹೇಳಿಕೊಡುವ ಅಗತ್ಯವಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್ ಎಂದು ಬೆಳೆದವರು ನೀವು. ಬೆಂಗಳೂರಿನ ನಿಮ್ಮ ಚಿಕ್ಕಪ್ಪ, ದೊಡ್ಡಮ್ಮನ ಮಕ್ಕಳು ಅಡಿಬರಹ ಓದಿಕೊಂಡು ನೋಡುವ ಚಿತ್ರಗಳನ್ನು ನೀವು ಮಾತು ಮಾತೂ ತಿಳಿದು ನೋಡುತ್ತೀರಿ. ಆದರೆ ಈ ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ್ದು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1983ರ ಜನವರಿಯಲ್ಲಿ ತೆರೆಕಂಡ ‘ಪಲ್ಲವಿ ಅನುಪಲ್ಲವಿ’ ಆ ಚಿತ್ರ. ಅನಿಲ್ ಕಪೂರ್ ನಾಯಕ, ಲಕ್ಷ್ಮಿ ನಾಯಕಿ, ಇಳಯರಾಜ ಅವರ ಸಂಗೀತ. ಅದರ ಒಂದು ಹಾಡಿನ ಧಾಟಿಯನ್ನು ಎಷ್ಟೋ ವರ್ಷಗಳ ಮೇಲೆ ಮೊಬೈಲ್ ಕಂಪನಿಯೊಂದು ಜಾಹೀರಾತಿಗೆ ಎತ್ತಿಕೊಂಡಿತು. ಚಿತ್ರದ ಹೆಸರು ಕೇಳದವರೂ ಆ ಧಾಟಿಯನ್ನು ಗುನುಗುತ್ತಿದ್ದರು. ಕಥೆ ಇಷ್ಟು: ಗಂಡನಿಂದ ದೂರವಾಗಿ ಮಗನೊಡನೆ ಬದುಕುವ ಅನು ಎಂಬ ಹೆಣ್ಣು, ಅವಳಿಗಿಂತ ಕಿರಿಯನಾದ ಯುವಕನೊಡನೆ ಅವಳ ಸ್ನೇಹ, ಆ ಸ್ನೇಹಕ್ಕೆ ಒಂದು ಹೆಸರಿಟ್ಟು ಬಿಡಲು ತವಕಿಸುವ ಸುತ್ತಲಿನ ಜನ. ಮದುವೆಯ ಆಚೆ ನಿಂತ ಹೆಣ್ಣಿಗೆ ತನ್ನ ಬದುಕಿನ ಮೇಲೆ ಎಷ್ಟು ಅಧಿಕಾರವಿದೆ ಎಂಬ ಪ್ರಶ್ನೆಯನ್ನು ಈ ನಿರ್ದೇಶಕರು ಕೇಳಲು ಶುರು ಮಾಡಿದ್ದು ನಮ್ಮ ಭಾಷೆಯಲ್ಲಿ ಎಂಬುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಆ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಬಾಲು ಮಹೇಂದ್ರ. ಅವರು ಹುಟ್ಟಿದ್ದು ಶ್ರೀಲಂಕಾದ ಮಟ್ಟಕ್ಕಳಪ್ಪಿನ ಬಳಿ. (ತಮಾಷೆಯೆಂದರೆ, ಅವರು ನಿರ್ದೇಶಿಸಿದ ಮೊದಲ ಚಿತ್ರ, 1977ರ ‘ಕೋಕಿಲ’ ಕೂಡ ಕನ್ನಡದ್ದೇ. ಮದರಾಸಿನ ದೊಡ್ಡ ದೊಡ್ಡವರು ಕನ್ನಡದಲ್ಲಿ ಓಂಕಾರ ಹಾಕಿದ್ದಾರೆ. ನಾವೇ ಅದನ್ನು ಹೇಳಿಕೊಳ್ಳುವುದಿಲ್ಲ.) ‘ಪಲ್ಲವಿ ಅನುಪಲ್ಲವಿ’ ಬಂದು ಆರು ತಿಂಗಳಿಗೆ, 1983ರ ಜುಲೈನಲ್ಲಿ, ಅವರ ಹುಟ್ಟುನಾಡಿನಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿತ್ತು. ಅಲ್ಲಿಂದ ಹೊತ್ತಿದ ಯುದ್ಧ ನಿಂತದ್ದು 2009ರ ಮೇ ತಿಂಗಳಲ್ಲಿ. ನಿಮ್ಮಲ್ಲಿ ಕೆಲವರು ಆಗಿನ್ನೂ ಕೈಕೂಸುಗಳು.

ಆ ಯುದ್ಧದ ನಡುವೆ, 2002ರ ಫೆಬ್ರವರಿ 14ರಂದು, ಮಣಿರತ್ನಂ ಅವರ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ಬಂತು. ಹೆಸರು ಸುಬ್ರಹ್ಮಣ್ಯ ಭಾರತಿಯವರ ಪದ್ಯದ್ದು. ಚಿತ್ರ ತೆರೆಕಂಡ ಎಂಟು ದಿನಕ್ಕೆ, ಫೆಬ್ರವರಿ 22ಕ್ಕೆ, ಲಂಕೆಯ ಸರ್ಕಾರಕ್ಕೂ ಹುಲಿಗಳಿಗೂ ಕದನವಿರಾಮದ ಒಪ್ಪಂದ ಆಯಿತು. ಅದು ನಾಲ್ಕೈದು ವರ್ಷವೂ ನೆಟ್ಟಗೆ ಬಾಳಲಿಲ್ಲ, ಆ ಮಾತು ಬೇರೆ. ನೀವು ಚಿತ್ರ ನೋಡಿಯೇ ಇರುತ್ತೀರಿ. ಅಮುದಾ ಎಂಬ ಚೆನ್ನೈ ಹುಡುಗಿಗೆ ಒಂಬತ್ತು ತುಂಬಿದ ದಿನ ಅಪ್ಪ-ಅಮ್ಮ ಅವಳಿಗೆ ನಿಜ ಹೇಳುತ್ತಾರೆ: ನೀನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಹುಡುಗಿ ಹೆತ್ತ ತಾಯಿಯನ್ನು ನೋಡಲೇಬೇಕೆಂದು ಹಟ ಹಿಡಿಯುತ್ತಾಳೆ, ಮೂವರೂ ಲಂಕೆಗೆ ಹೊರಡುತ್ತಾರೆ.

ಎಲ್ಲರೂ ಇದನ್ನು ತಾಯಿ-ಮಗಳ ಚಿತ್ರ ಎನ್ನುತ್ತಾರೆ. ಕರ್ಚೀಫು ಒದ್ದೆ ಮಾಡಿಕೊಂಡು ಹೊರಗೆ ಬರುತ್ತಾರೆ. ನಾನು ನಿಮ್ಮನ್ನು ಕೇಳುವುದು ಇಷ್ಟೇ. ಇನ್ನೊಮ್ಮೆ ನೋಡುವಾಗ ಅದನ್ನು ಎರಡು ಮದುವೆಗಳ ಕಥೆಯೆಂದು ನೋಡಿ. ಪ್ರತಿ ಮದುವೆಯಲ್ಲಿ ಯಾರ ಒಪ್ಪಿಗೆ ಕೇಳಿದರು, ಯಾರದ್ದು ಕೇಳಲಿಲ್ಲ ಎಂದು ಲೆಕ್ಕ ಇಡಿ.

ಮೊದಲನೆಯ ಮದುವೆ ಶ್ಯಾಮಾಳದು. ಚಿತ್ರ ತೆರೆದುಕೊಳ್ಳುವುದೇ ಅದರಿಂದ. ಯಾಳ್ಪಾಣದ ಹೆದ್ದಾರಿಯ ಮೇಲಿರುವ ಮಾಂಕುಳಂ ಎಂಬ ಊರು, ಹಸಿರು, ಹೊಸ ಗಂಡ ದಿಲೀಪನ್. ಶ್ಯಾಮಾ ಪಾತ್ರ ಮಾಡಿದವರು ನಂದಿತಾ ದಾಸ್. ಅದಕ್ಕೆ ಮೂರು ವರ್ಷ ಮೊದಲು, 1999ರಲ್ಲಿ, ಕವಿತಾ ಲಂಕೇಶ್ ಅವರ ‘ದೇವೀರಿ’ಯಲ್ಲಿ ಕನ್ನಡ ಮಾತಾಡಿದ್ದವರು. ದಿಲೀಪನ್ ಕಾಡಿಗೆ, ಹೋರಾಟಕ್ಕೆ ಹೋಗುತ್ತಾನೆ. ಸೈನ್ಯ ಬರುತ್ತಿದೆ ಎಂದು ಊರಿಗೆ ಊರೇ ಗಂಟು ಮೂಟೆ ಕಟ್ಟುತ್ತದೆ. ಬಸುರಿ ಹೆಂಗಸನ್ನು ದೋಣಿ ಹತ್ತಿಸಿ ರಾಮೇಶ್ವರಕ್ಕೆ ಕಳಿಸುತ್ತಾರೆ. ಅವಳು ಶಿಬಿರದಲ್ಲಿ ಹೆಣ್ಣು ಮಗು ಹೆರುತ್ತಾಳೆ. ಮಗುವನ್ನು ಅಲ್ಲೇ ಬಿಟ್ಟು ಗಂಡನನ್ನು ಹುಡುಕಿಕೊಂಡು ಬಂದ ದಾರಿಯಲ್ಲೇ ವಾಪಸು ಹೋಗುತ್ತಾಳೆ.

ಅವಳು ಇಲ್ಲಿಗೆ ಬಂದದ್ದು ಯಾರ ಇಚ್ಛೆಯಿಂದ? ಹಿರಿಯರ ಇಚ್ಛೆಯಿಂದ. ವಾಪಸು ಹೋದದ್ದು? ಅವಳ ಇಚ್ಛೆಯಿಂದ. ನಮ್ಮ ಸಿನಿಮಾದಲ್ಲಿ ಮಗುವನ್ನು ಬಿಟ್ಟುಹೋದ ತಾಯಿಗೆ ಎರಡೇ ದಾರಿ. ಒಂದೋ ಅವಳು ಕೆಟ್ಟವಳು, ಇಲ್ಲವೇ ಕೊನೆಗೆ ಪಶ್ಚಾತ್ತಾಪಪಟ್ಟು ಮಗುವಿನ ಕಾಲ ಬಳಿ ಪ್ರಾಣ ಬಿಡುವವಳು. ಶ್ಯಾಮಾ ಎರಡೂ ಅಲ್ಲ. ಕೊನೆಯ ದೃಶ್ಯದಲ್ಲಿ, ಆ ಮಳೆಯಲ್ಲಿ, ಮಗಳು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಅವಳಲ್ಲಿ ಉತ್ತರವೇ ಇಲ್ಲ. ನಮ್ಮೊಡನೆ ಬಂದುಬಿಡು ಎಂದರೆ ಬರುವುದಿಲ್ಲ. ಅವಳಿಗೆ ಅಲ್ಲಿ ಕೆಲಸವಿದೆ. ಆ ಕೆಲಸ ಬಂದೂಕಿನದು ಎಂಬುದನ್ನು ನೀವು ಒಪ್ಪಬೇಕಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ನಿರ್ದೇಶಕರು ಅವಳನ್ನು ಅದಕ್ಕಾಗಿ ಶಿಕ್ಷಿಸುವುದಿಲ್ಲ, ಕ್ಷಮಿಸುವುದೂ ಇಲ್ಲ. ಅವಳು ನಿರ್ಧಾರ ಮಾಡಿದವಳು, ಅಷ್ಟೆ. ಕಮರ್ಷಿಯಲ್ ಚಿತ್ರದಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿ ಸ್ವಲ್ಪ ಚಿತ್ರದಿಂದ ಹೊರಗೆ ಬರೋಣ. ನಿಮ್ಮಲ್ಲಿ ಅನೇಕರು ದಿನವೂ ಹಳೆ ಮಹಾಬಲಿಪುರಂ ರಸ್ತೆಯಲ್ಲಿ ಕಂಪನಿ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತೀರಿ. ಅದೇ ರಸ್ತೆಯಲ್ಲಿ ಕೇಳಂಬಾಕ್ಕಂ ದಾಟಿ ಮುಂದೆ ಹೋದರೆ ತಿರುಪ್ಪೋರೂರು, ಅಲ್ಲೊಂದು ಹಳೆಯ ಮುರುಗನ ದೇವಸ್ಥಾನ. 1984ರ ಅಕ್ಟೋಬರ್ 1ರಂದು ಹುಲಿಗಳ ನಾಯಕ ಪ್ರಭಾಕರನ್ ಮದುವೆಯಾದದ್ದು ಆ ಊರಿನಲ್ಲಿ. ವಧು ಮತಿವದನಿ, ಆ ವರ್ಷದ ಆರಂಭದಲ್ಲಿ ಯಾಳ್ಪಾಣದಲ್ಲಿ ಉಪವಾಸ ಕೂತಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು. ಉಪವಾಸದ ಜಾಗದಿಂದ ಹುಲಿಗಳು ಅವರನ್ನು ಎತ್ತಿಕೊಂಡು ಹೋಗಿ ಮದರಾಸಿಗೆ ಕರೆತಂದಿದ್ದರು. ಅಲ್ಲಿಯವರೆಗೆ ಆ ಸಂಘಟನೆಯಲ್ಲಿ ಪ್ರೇಮಕ್ಕೂ ಮದುವೆಗೂ ನಿಷೇಧವಿತ್ತು. ನಾಯಕನೇ ಮದುವೆಯಾದ ಮೇಲೆ ನಿಷೇಧ ಸಡಿಲವಾಯಿತು. ಆದರೆ ಅನುಮತಿ ಕೊಡುವ ಅಧಿಕಾರ ಸಂಘಟನೆಯ ಕೈಯಲ್ಲೇ ಉಳಿಯಿತು. ಅಪ್ಪ-ಅಮ್ಮನ ಒಪ್ಪಿಗೆಯಿಂದ ತಪ್ಪಿಸಿಕೊಂಡು ಕಾಡಿಗೆ ಹೋದ ಹುಡುಗಿಗೆ ಅಲ್ಲಿಯೂ ಒಬ್ಬ ಅಪ್ಪ ಕಾದಿದ್ದ. 1992ರಲ್ಲಿ ಭಾರತ ಆ ಸಂಘಟನೆಯನ್ನು ನಿಷೇಧಿಸಿತು. ಅದಕ್ಕೆ ಹಿಂದಿನ ವರ್ಷ ಶ್ರೀಪೆರಂಬೂದೂರಿನಲ್ಲಿ ಏನು ನಡೆಯಿತೆಂದು ನಿಮಗೆ ಗೊತ್ತು.

ಯುದ್ಧದ ಕೊನೆಯ ವರ್ಷಗಳಲ್ಲಿ ಇದು ತಲೆಕೆಳಗಾಯಿತು. ವನ್ನಿ ಪ್ರದೇಶದಲ್ಲಿ ಮನೆಗೊಬ್ಬರನ್ನು ಬಲವಂತವಾಗಿ ಸೇರಿಸಿಕೊಳ್ಳಲು ಶುರುವಾದಾಗ, ಮದುವೆಯಾದವರನ್ನು ಬಿಟ್ಟುಬಿಡುತ್ತಾರೆ ಎಂಬ ನಂಬಿಕೆಯಿಂದ ತಂದೆ ತಾಯಿಗಳು ಎಳೆಯ ಹುಡುಗಿಯರಿಗೆ ಅವಸರವಸರವಾಗಿ ತಾಳಿ ಕಟ್ಟಿಸಿದರು. ತಾಳಿ ಅಲ್ಲಿ ಗುರಾಣಿಯಾಗಿತ್ತು. ಹುಡುಗಿಯ ಇಷ್ಟಾನಿಷ್ಟ ಕೇಳುವ ಪುರುಸೊತ್ತು ಯಾರಿಗಿತ್ತು?

ಯುದ್ಧ ಮುಗಿದ ಮೇಲಿನ ಕಥೆ ಇನ್ನೂ ಕಷ್ಟದ್ದು. ಯಾಳ್ಪಾಣದ ತಮಿಳರಿಗೆ ‘ದೇಶವಳಮೈ’ ಎಂಬ ಸಂಪ್ರದಾಯದ ಕಾನೂನಿದೆ. 1707ರಲ್ಲಿ ಡಚ್ಚರು ಅದನ್ನು ಬರೆದಿಡಿಸಿದರು. ಅದರ ಪ್ರಕಾರ ಹೆಣ್ಣು ಮಕ್ಕಳಿಗೆ ವರದಕ್ಷಿಣೆಯಾಗಿ ಜಮೀನು ಬರುತ್ತದೆ, ಅವಳ ಹೆಸರಿನಲ್ಲೇ ಇರುತ್ತದೆ. ಒಳ್ಳೆಯದೇ ಅಲ್ಲವೇ ಎನ್ನುತ್ತೀರಿ. ಆದರೆ ಮದುವೆಯಾದವಳು ಆ ಜಮೀನನ್ನು ಮಾರಬೇಕಾದರೆ ಗಂಡನ ಲಿಖಿತ ಒಪ್ಪಿಗೆ ಬೇಕು. ಗಂಡ ಕಾಣೆಯಾಗಿದ್ದರೆ? ಸತ್ತನೆಂದು ಮರಣಪತ್ರವಿಲ್ಲ, ಬದುಕಿದ್ದಾನೆಂದು ಸುಳಿವಿಲ್ಲ. ಅಂಥ ಸಾವಿರಾರು ಹೆಂಗಸರು ಹೆಂಡತಿಯೂ ಅಲ್ಲದೆ ವಿಧವೆಯೂ ಅಲ್ಲದೆ, ತಮ್ಮದೇ ಜಮೀನಿಗೆ ತಾವೇ ಅಂಗಲಾಚುತ್ತ ಕೋರ್ಟು ಕಚೇರಿ ಅಲೆದರು. ಮರಣಪತ್ರ ತೆಗೆದುಕೊಂಡರೆ ಗಂಡ ಸತ್ತನೆಂದು ತಾವೇ ಒಪ್ಪಿದಂತಾಗುತ್ತದೆಂದು ಬೇಡವೆಂದವರೂ ಇದ್ದರು. 2016ರಲ್ಲಿ ಅಲ್ಲಿಯ ಸರ್ಕಾರ ಕಾನೂನು ತಿದ್ದಿ, ಕಾಣೆಯಾದವರ ಮನೆಯವರಿಗೆ ‘ಇಲ್ಲದಿರುವಿಕೆಯ ಪತ್ರ’ ಕೊಡಲು ಅವಕಾಶ ಮಾಡಿತು. ಇದನ್ನು ತಿಳಿದ ಮೇಲೆ ಶ್ಯಾಮಾ ದೋಣಿ ಹತ್ತಿ ವಾಪಸು ಹೋಗುವ ದೃಶ್ಯ ನೋಡಿ. ಗಂಡನ ಸುದ್ದಿ ಖಚಿತವಾಗಿ ಗೊತ್ತಾಗದೆ ಶಿಬಿರದಲ್ಲಿ ಕೂತಿರುವುದೆಂದರೆ ಏನು ಎಂಬುದು ಬೇರೆ ರೀತಿ ಅರ್ಥವಾಗುತ್ತದೆ.

ಈಗ ಎರಡನೆಯ ಮದುವೆಗೆ ಬರೋಣ. ಇದು ನಮ್ಮ ಊರಿನದು.

ತಿರುಚೆಲ್ವನ್ ಎಂಜಿನಿಯರು, ಜೊತೆಗೆ ಲೇಖಕ. ಶಿಬಿರದ ಮಗುವಿನ ವಿಷಯ ತಿಳಿದು ಅದನ್ನು ತಾನೇ ಸಾಕಬೇಕೆಂದು ಹಂಬಲಿಸುತ್ತಾನೆ. ಮದುವೆಯಾಗದವನಿಗೆ ಮಗು ಕೊಡುವುದಿಲ್ಲ ಎನ್ನುತ್ತಾರೆ. ಇಂದಿರಾ ಅವನನ್ನು ಮೊದಲಿಂದ ಇಷ್ಟಪಟ್ಟವಳು. ಆ ಪ್ರೀತಿಯ ಬಾಗಿಲಿಗೆ ಮದುವೆಯ ಪ್ರಸ್ತಾಪ ಬಂದಾಗ ಅದರ ಕೈ ಹಿಡಿದುಕೊಂಡು ಒಂದು ಮಗುವೂ ಬರುತ್ತದೆ. ನನಗಾಗಿ ಮಗುವೋ, ಮಗುವಿಗಾಗಿ ನಾನೋ? ಸಿಮ್ರನ್ ಅವರ ಮುಖದಲ್ಲಿ ಈ ಪ್ರಶ್ನೆ ಇಡೀ ಚಿತ್ರದುದ್ದಕ್ಕೂ ಅಲ್ಲಲ್ಲಿ ಇಣುಕಿ ಹೋಗುತ್ತದೆ. ನನ್ನ ಮಟ್ಟಿಗೆ ಈ ಚಿತ್ರದ ಅತ್ಯುತ್ತಮ ಅಭಿನಯ ಅವರದ್ದೇ. ಪ್ರಶಸ್ತಿ ಮಗುವಿಗೆ ಹೋಯಿತು, ಅದಕ್ಕೂ ಅರ್ಹವೇ. ಆದರೂ ಸಿಮ್ರನ್ ಅವರಿಗೆ ಸಲ್ಲಬೇಕಾದ ಮಾತು ಸಂದಿಲ್ಲ.

ಇಲ್ಲಿ ಕಾನೂನು ಏನು ಹೇಳುತ್ತಿತ್ತು ಎಂದು ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. 1956ರ ಹಿಂದೂ ದತ್ತಕ ಕಾಯಿದೆಯ ಪ್ರಕಾರ ಮದುವೆಯಾಗದ ಗಂಡಸು ದತ್ತು ತೆಗೆದುಕೊಳ್ಳಬಹುದಿತ್ತು. ಮಗು ಹೆಣ್ಣಾದರೆ ಇಬ್ಬರ ನಡುವೆ ಕನಿಷ್ಠ 21 ವರ್ಷ ಅಂತರವಿರಬೇಕು, ಅಷ್ಟೆ. ಮದುವೆಯಾಗದ ಹೆಣ್ಣೂ ತನ್ನ ಹೆಸರಿನಲ್ಲೇ ದತ್ತು ತೆಗೆದುಕೊಳ್ಳಬಹುದಿತ್ತು. ವಿಧವೆಗೂ ಆ ಹಕ್ಕಿತ್ತು, ವಿಚ್ಛೇದಿತೆಗೂ ಇತ್ತು. ಯಾರಿಗೆ ಇರಲಿಲ್ಲ ಗೊತ್ತೇ? ಗಂಡನಿರುವ ಹೆಂಡತಿಗೆ. ದತ್ತು ತೆಗೆದುಕೊಳ್ಳುವವನು ಗಂಡ. ಹೆಂಡತಿಯ ಪಾಲಿಗೆ ಉಳಿದದ್ದು ಒಪ್ಪಿಗೆ ಕೊಡುವುದು ಮಾತ್ರ. ಅಂದರೆ ಕನ್ಯೆಯಾಗಿದ್ದ ಇಂದಿರಾಗೆ ಅಮುದಾಳನ್ನು ತಾನೇ ಮಗಳಾಗಿ ಪಡೆಯುವ ಹಕ್ಕಿತ್ತು. ಮಗುವನ್ನು ಪಡೆಯಲೆಂದೇ ತಾಳಿ ಕಟ್ಟಿಸಿಕೊಂಡ ಮರುಕ್ಷಣ ಆ ಹಕ್ಕು ಹೋಯಿತು!

ಈ ಕಾನೂನನ್ನು ಸಂಸತ್ತು ತಿದ್ದಿದ್ದು 2010ರಲ್ಲಿ. ಆಮೇಲೆ ಹೆಂಡತಿಯೂ ಗಂಡನ ಒಪ್ಪಿಗೆ ಪಡೆದು ದತ್ತು ತೆಗೆದುಕೊಳ್ಳಬಹುದಾಯಿತು. ಚಿತ್ರ ಬಂದಾಗ ಅಮುದಾಳಿಗೆ ಒಂಬತ್ತೆಂದು ಇಟ್ಟುಕೊಂಡರೆ ಆ ಹೊತ್ತಿಗೆ ಅವಳಿಗೆ ಹದಿನೇಳು. ದತ್ತು ಹೋಗುವ ಮಕ್ಕಳಿಗೆ ಅದೇ ಕಾಯಿದೆ ಇಟ್ಟ ಹದಿನೈದರ ಗಡಿ ದಾಟಿದ್ದಳು. ಮಕ್ಕಳ ಪೋಷಕತ್ವದಲ್ಲಿಯೂ ಇದೇ ಪಾಡು. ಮೊದಲು ತಂದೆ, ಅವನ ‘ನಂತರ’ ತಾಯಿ ಎನ್ನುತ್ತಿತ್ತು ಕಾನೂನು. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ ತಂದೆಯ ಸಹಿ ಕೇಳಿದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ‘ನಂತರ’ ಎಂದರೆ ತಂದೆ ಸತ್ತ ನಂತರವೆಂದೇ ಅರ್ಥವಲ್ಲ, ಅವನು ನೋಡಿಕೊಳ್ಳದಿರುವಾಗ ಎಂದೂ ಆಗುತ್ತದೆ ಎಂದು 1999ರಲ್ಲಿ ತೀರ್ಪು ಬಂತು. ಇಂದಿರಾ ಮಗಳನ್ನು ಯುದ್ಧಭೂಮಿಗೆ ಕರೆದುಕೊಂಡು ಹೋಗುವ ಧೈರ್ಯದವಳು. ಬ್ಯಾಂಕಿನ ಫಾರಂ ಮುಂದೆ ಅವಳ ಸಹಿ ಎರಡನೆಯದು.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ತಿರುಚೆಲ್ವನ್ ಕಥೆ ಬರೆಯುವುದು ‘ಇಂದಿರಾ’ ಎಂಬ ಹೆಂಡತಿಯ ಹೆಸರಿನಲ್ಲಿ. ಇದು ಕಟ್ಟುಕಥೆಯಲ್ಲ. ಚಿತ್ರದ ಸಂಭಾಷಣೆ ಬರೆದ ಸುಜಾತಾ ಅವರ ನಿಜ ಹೆಸರು ರಂಗರಾಜನ್. ಸುಜಾತಾ ಎಂಬುದು ಅವರ ಪತ್ನಿಯ ಹೆಸರು. ಅವರೂ ಎಂಜಿನಿಯರೇ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ದುಡಿದವರು. ಇದನ್ನು ಪ್ರೀತಿಯ ಕಾಣಿಕೆ ಎನ್ನುತ್ತಾರೆ. ಇರಬಹುದು. ಹೆಸರು ಅವಳದು, ಕಥೆ ಅವನದು. ಇಂದಿರಾ ತಾನೇ ಒಂದು ಕಥೆ ಬರೆದಿದ್ದರೆ ಯಾವ ಹೆಸರು ಹಾಕಿಕೊಳ್ಳುತ್ತಿದ್ದಳು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಯುದ್ಧದ ದೃಶ್ಯಗಳು ಕೆಲವು ಕಡೆ ತೀರ ಚೆಂದ. ರವಿ ಕೆ. ಚಂದ್ರನ್ ಅವರ ಕ್ಯಾಮೆರಾ ಎಷ್ಟು ಸೊಗಸೆಂದರೆ ಸುಟ್ಟ ಊರೂ ಕ್ಯಾಲೆಂಡರಿನ ಚಿತ್ರದಂತೆ ಕಾಣುತ್ತದೆ. ಯುದ್ಧ ನಡೆಯುತ್ತಿದ್ದ ಉತ್ತರ ಲಂಕೆಯಲ್ಲಿ ಚಿತ್ರೀಕರಣ ಸಾಧ್ಯವಿರಲಿಲ್ಲ, ಕಡಲಿನ ಈಚೆ ದಡದಲ್ಲೇ ಅದನ್ನು ಕಟ್ಟಿಕೊಂಡರು. ನಮ್ಮ ಪ್ರಕಾಶ್ ರೈ ಸಿಂಹಳ ವೈದ್ಯ ಹೆರಾಲ್ಡ್ ವಿಕ್ರಮಸಿಂಘೆಯಾಗಿ ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಒಳ್ಳೆಯ ಸಿಂಹಳರಿಗೆಲ್ಲ ಅವರೊಬ್ಬರೇ ಪ್ರತಿನಿಧಿ. ಸಿಂಹಳ ಹೆಂಗಸೊಬ್ಬಳ ಮನೆಯ ಒಳಗನ್ನು ಚಿತ್ರ ನಮಗೆ ತೋರಿಸುವುದೇ ಇಲ್ಲ. ಅವಳ ಮಗನೂ ಸೈನ್ಯಕ್ಕೆ ಹೋಗಿರಬಹುದಲ್ಲ?

ಮೂರನೆಯ ಮದುವೆ ಆ ಕಡೆಯವರು ಹೇಳಿದ ಕಥೆ. ಅದು ನಮ್ಮ ಚೆನ್ನೈಗೆ ಬಂದು ಬಾಗಿಲಲ್ಲೇ ನಿಲ್ಲಬೇಕಾಯಿತು.

ಪ್ರಸನ್ನ ವಿತಾನಗೆ ಸಿಂಹಳ ನಿರ್ದೇಶಕರು. 2012ರಲ್ಲಿ ಅವರು ಮಾಡಿದ ‘ಓಬ ನತುವ ಓಬ ಎಕ್ಕ’ ಎಂಬ ಚಿತ್ರ ಹೊರದೇಶಗಳಲ್ಲಿ ‘ವಿತ್ ಯು, ವಿತೌಟ್ ಯು’ ಎಂಬ ಹೆಸರಿನಿಂದ ಪ್ರಸಿದ್ಧ. ಮೂಲ ದಾಸ್ತೋವ್ಸ್ಕಿ 1876ರಲ್ಲಿ ಬರೆದ ಕಥೆ. ಫ್ರಾನ್ಸಿನ ಬ್ರೆಸ್ಸಾನ್ ಮತ್ತು ನಮ್ಮ ಮಣಿ ಕೌಲ್ ಕೂಡ ಅದನ್ನು ಚಿತ್ರ ಮಾಡಿದ್ದಾರೆ. ಯುದ್ಧ ಮುಗಿದ ಹೊಸತು. ಚಹಾ ತೋಟಗಳ ಗುಡ್ಡನಾಡಿನ ಪಟ್ಟಣದಲ್ಲಿ ಸರತ್‌ಸಿರಿ ಎಂಬ ಸಿಂಹಳನದೊಂದು ಗಿರವಿ ಅಂಗಡಿ. ಉತ್ತರದಿಂದ ಬಂದ ಸೆಲ್ವಿ ಎಂಬ ತಮಿಳು ಹುಡುಗಿ ಚೂರುಪಾರು ಒಡವೆ ಅಡವಿಡಲು ಬರುತ್ತಾಳೆ. ಅವಳನ್ನು ವಯಸ್ಸಾದ ಸಾಹುಕಾರನೊಬ್ಬನಿಗೆ ಕಟ್ಟಲು ಮನೆಯವರು ಹೊರಟಿದ್ದಾರೆ. ಸರತ್‌ಸಿರಿ ತಾನೇ ಮದುವೆಯಾಗುತ್ತೇನೆ ಎನ್ನುತ್ತಾನೆ. ಅವಳಿಗಿರುವ ಆಯ್ಕೆ ಎಷ್ಟು? ಎರಡು ಬಾಗಿಲು, ಎರಡಕ್ಕೂ ಹೊರಗಿನಿಂದ ಚಿಲಕ. ಮದುವೆಯಾಗುತ್ತದೆ, ಸ್ವಲ್ಪ ದಿನ ಸುಖವೂ ಇದೆ. ಆಮೇಲೆ ಗೊತ್ತಾಗುತ್ತದೆ: ಗಂಡ ಹಿಂದೆ ಸೈನ್ಯದಲ್ಲಿದ್ದವನು, ಆ ಮಾತನ್ನು ಮುಚ್ಚಿಟ್ಟವನು.

ಅಲ್ಲಿಂದ ಮುಂದಿನದು ಒಂದೇ ಮನೆಯೊಳಗೆ ನಡೆಯುವ ಯುದ್ಧ. ಗುಂಡಿಲ್ಲ, ಬಾಂಬಿಲ್ಲ. ಊಟದ ಮೇಜು, ಟಿವಿ, ಮಂಚ. ಅವನು ಪ್ರೀತಿಸುತ್ತಾನೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಪ್ರೀತಿಯೂ ಗಿರವಿ ಅಂಗಡಿಯವನ ಪ್ರೀತಿ. ಇಷ್ಟು ಕೊಟ್ಟಿದ್ದೇನೆ, ಇಷ್ಟು ಬರಬೇಕು. ಅವಳ ಮೌನಕ್ಕೆ ಅವನ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮಿಲ್ಲ. ಸೆಲ್ವಿಯಾಗಿ ಅಭಿನಯಿಸಿದ ಅಂಜಲಿ ಪಾಟೀಲ್ ನಮ್ಮ ದೇಶದವರು. ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ 2012ರ ಶ್ರೇಷ್ಠ ನಟಿ ಪ್ರಶಸ್ತಿ ಅವರಿಗೆ ಬಂತು. ಚಿತ್ರದ ಸಂಕಲನಕಾರರು ಎ. ಶ್ರೀಕರ್ ಪ್ರಸಾದ್. ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ಚಿತ್ರಕ್ಕೂ ಅವರದೇ ಕತ್ತರಿ. ಶ್ಯಾಮಾಳ ಮದುವೆಯನ್ನೂ ಸೆಲ್ವಿಯ ಮದುವೆಯನ್ನೂ ಜೋಡಿಸಿದ್ದು ಒಂದೇ ಜೊತೆ ಕೈ. ಚಿತ್ರದ ಕೊನೆ ನಾನು ಹೇಳುವುದಿಲ್ಲ. ದಾಸ್ತೋವ್ಸ್ಕಿ ಓದಿದವರಿಗೆ ಗೊತ್ತು.

2014ರ ಜೂನ್‌ನಲ್ಲಿ ಚಿತ್ರ ಭಾರತದ ಕೆಲವು ನಗರಗಳಲ್ಲಿ ಬಿಡುಗಡೆಯಾಯಿತು. ಚೆನ್ನೈನಲ್ಲಿ ಮಾತ್ರ ಬೆದರಿಕೆ ಬಂತೆಂದು ಚಿತ್ರಮಂದಿರಗಳಿಂದ ತೆಗೆದುಬಿಟ್ಟರು. ಕಾರಣ, ನಿರ್ದೇಶಕ ಸಿಂಹಳ. ತಮಿಳುನಾಡಿನ ಜನರಿಗೆ ವಿತಾನಗೆ ಒಂದು ಬಹಿರಂಗ ಪತ್ರ ಬರೆದರು.

ಆ ದಿನಗಳ ಕೋಪಕ್ಕೆ ಆಧಾರವಿರಲಿಲ್ಲ ಎಂದು ನಾನು ಹೇಳುವುದಿಲ್ಲ. 2009ರಲ್ಲಿ ಕಡಲಿನ ಆಚೆ ಏನಾಯಿತೆಂಬುದು ಒಂದೊಂದೇ ಹೊರಬರುತ್ತಿತ್ತು. 2013ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು, ಆ ವರ್ಷ ಚೆನ್ನೈನ ಐಪಿಎಲ್ ಪಂದ್ಯಗಳಲ್ಲಿ ಲಂಕೆಯ ಆಟಗಾರರು ಆಡುವಂತಿರಲಿಲ್ಲ. 1983ರಿಂದ ಮೂರು ದಶಕದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ದೋಣಿ ಹತ್ತಿ ಬಂದಿಳಿದ ರಾಜ್ಯ ಇದು. ಮಂಟಪದ ಶಿಬಿರದಲ್ಲಿ ಹುಟ್ಟಿ ಅಲ್ಲೇ ಮಕ್ಕಳನ್ನು ಹೆತ್ತವರಿದ್ದಾರೆ. ಆದರೂ ಕೇಳಬೇಕಾದ ಒಂದು ಮಾತಿದೆ. ಇಡೀ ಚಿತ್ರದಲ್ಲಿ ಸಿಂಹಳ ಗಂಡ ತಮಿಳು ಹೆಂಡತಿಯ ಮುಂದೆ ಅಪರಾಧಿಯಾಗಿ ಕೂತಿರುತ್ತಾನೆ. ತಮ್ಮ ಕಡೆಯ ಹೆಣ್ಣಿನ ನೋವನ್ನು ಹೇಳುವ ಚಿತ್ರವನ್ನು ಆ ಹೆಣ್ಣಿನ ಪರವಾಗಿಯೇ ನಿಲ್ಲಿಸಿದರು. ಸೆಲ್ವಿಯ ಮನೆಯಲ್ಲಿ ಅವಳನ್ನು ಕೇಳಲಿಲ್ಲ, ಗಂಡ ಕೇಳಲಿಲ್ಲ. ಚೆನ್ನೈನಲ್ಲಿಯೂ ಕೇಳಲಿಲ್ಲ.

ಭಾಷೆಯ ಕೋಪ ಬೀದಿಗೆ ಬಂದರೆ ಏನಾಗುತ್ತದೆಂಬುದು ನಮ್ಮ ಮನೆಗಳಿಗೆ ಹೊಸದಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ನಡೆದದ್ದನ್ನು ನಿಮ್ಮ ತಂದೆ ತಾಯಿ ಇಲ್ಲಿ ಕೂತು ತಲೆ ತಗ್ಗಿಸಿ ಓದಿದರು. 2016ರ ಸೆಪ್ಟೆಂಬರಿನಲ್ಲಿ ಇಲ್ಲಿಯ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಅದು ನೀರಿನ ಜಗಳ, ಇದು ಸಾವಿರಾರು ಹೆಣಗಳ ಯುದ್ಧ. ಆದರೆ ಅಂಥ ದಿನಗಳಲ್ಲಿ ಕನ್ನಡ-ತಮಿಳು ಜೋಡಿಗಳ ಮನೆಯಲ್ಲಿ ಟಿವಿ ಯಾವ ಭಾಷೆಯ ಸುದ್ದಿಗೆ ತಿರುಗಿತ್ತು? ಅಂಥ ಮನೆಗಳು ನಮ್ಮ ನಡುವೆ ಬೇಕಾದಷ್ಟಿವೆ, ಮುಂದೆ ಇನ್ನಷ್ಟಾಗುತ್ತವೆ. ನಿಮ್ಮಲ್ಲೇ ಕೆಲವರು ಅಂಥ ಮನೆಯ ಮಕ್ಕಳು. ಸರತ್‌ಸಿರಿ-ಸೆಲ್ವಿಯ ಮನೆಯಲ್ಲಿ ಹೆಚ್ಚಾಗಿ ಮಾತು ಸಿಂಹಳದಲ್ಲೇ. ಅವಳು ಅವನ ಭಾಷೆ ಕಲಿತಷ್ಟು ಅವನು ಅವಳ ಭಾಷೆ ಕಲಿತಿಲ್ಲ. ಇದನ್ನು ಚಿತ್ರ ಎತ್ತಿ ತೋರಿಸುವುದಿಲ್ಲ. ನೀವು ಎರಡು ಭಾಷೆಯ ಮಕ್ಕಳು, ನಿಮ್ಮ ಕಿವಿಗೆ ತಾನಾಗಿ ಬೀಳುತ್ತದೆ.

ಕನ್ನಡದಲ್ಲಿ ಈ ಯುದ್ಧದ ಬಗ್ಗೆ ಏನೂ ಇಲ್ಲವೇ ಎಂದು ಕೇಳಬಹುದು. ಇದೆ, ಒಂದು ಓರೆ ದಾರಿಯಲ್ಲಿ. 1991ರ ಆಗಸ್ಟಿನಲ್ಲಿ ರಾಜೀವ್ ಗಾಂಧಿ ಹಂತಕರ ತಂಡ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿ, ಅಲ್ಲೇ ಸತ್ತದ್ದನ್ನು ಎ.ಎಂ.ಆರ್. ರಮೇಶ್ 2006ರಲ್ಲಿ ‘ಸಯನೈಡ್’ ಎಂದು ಚಿತ್ರ ಮಾಡಿದರು. ಅವರಿಗೆ ನೆರಳು ಕೊಟ್ಟವನ ಹೆಂಡತಿಯ ಪಾತ್ರ ತಾರಾ ಅವರದು. ಪೊಲೀಸು, ಬಂದೂಕು ಎಲ್ಲ ಬಿಟ್ಟು ಆ ಹೆಂಗಸನ್ನು ನೋಡಿ. ಮನೆಗೆ ಯಾರು ಬರಬೇಕು, ಎಷ್ಟು ದಿನ ಇರಬೇಕು ಎಂಬುದನ್ನು ಗಂಡ ತೀರ್ಮಾನಿಸುತ್ತಾನೆ, ಅವರಿಗೆ ಬೇಯಿಸಿ ಹಾಕುವುದು ಅವಳ ಪಾಲು. ಲಂಕೆಯ ಯುದ್ಧ ನಮ್ಮ ಭಾಷೆಯ ಅಡುಗೆಮನೆಗೆ ಬಂದದ್ದು ಹಾಗೆ.

ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ ಎಂದರೆ, ನಿಮ್ಮಲ್ಲಿ ಹಲವರ ಮನೆಯಲ್ಲಿ ಈಗ ಜಾತಕ ಓಡಾಡುತ್ತಿದೆ. ಯುದ್ಧವಿಲ್ಲದ ಕಾಲದಲ್ಲಿಯೂ ನಮ್ಮಲ್ಲಿ ಮದುವೆಗಳು ಯಾವುದೋ ಕಾರಣಕ್ಕಾಗಿ ನಡೆಯುತ್ತವೆ. ಅಜ್ಜಿ ಕಣ್ಣು ಮುಚ್ಚುವ ಮುಂಚೆ ಆಗಬೇಕು, ತಂಗಿಗೆ ದಾರಿ ಬಿಡಬೇಕು, ಹುಡುಗ ಮೂರು ವಾರದ ರಜೆಯಲ್ಲಿ ಅಮೆರಿಕದಿಂದ ಬಂದಿದ್ದಾನೆ. ಆ ಮೂರು ವಾರದ ಹುಡುಗನನ್ನು ಮದುವೆಯಾಗಿ ಹೋದ ನಮ್ಮ ಎಂಜಿನಿಯರು ಹುಡುಗಿಯರು ಅವಲಂಬಿತರ ವೀಸಾದಲ್ಲಿ ಕೆಲಸ ಮಾಡುವಂತಿಲ್ಲದೆ ವರ್ಷಗಟ್ಟಲೆ ಮನೆಯಲ್ಲಿ ಕೂತರು. 2015ರಲ್ಲಿ ಆ ದೇಶ ಅವರಲ್ಲಿ ಒಂದಷ್ಟು ಜನಕ್ಕೆ ಮಾತ್ರ ಕೆಲಸದ ಪರವಾನಗಿ ಕೊಡಲು ಒಪ್ಪಿತು. ಮದುವೆಗೆ ಮೊದಲು ಇದ್ದ ಹಕ್ಕು ಮದುವೆಯಾದ ಮರುದಿನ ಇಲ್ಲ. ಇಂದಿರಾಳ ದತ್ತಕದ ಕಥೆಯೇ. ಹುಡುಗರೇ, ಈ ಲೆಕ್ಕ ಹುಡುಗಿಯರಿಗೆ ಮಾತ್ರ ಎಂದು ಪುಟ ತಿರುಗಿಸಬೇಡಿ. ತಿರುಚೆಲ್ವನ್ ಒಳ್ಳೆಯವನು. ಸರತ್‌ಸಿರಿಯೂ ಕೆಟ್ಟವನೇನಲ್ಲ. ಇಬ್ಬರೂ ಕೇಳುವ ಮುಂಚೆಯೇ ಉತ್ತರ ಇಟ್ಟುಕೊಂಡಿದ್ದರು.

ನೋಡುವ ಕ್ರಮ ಬೇಕಾದರೆ ಹೀಗೆ ಮಾಡಿ. ಮೊದಲು ‘ಪಲ್ಲವಿ ಅನುಪಲ್ಲವಿ’, ಅದನ್ನು ಅಮ್ಮನ ಜೊತೆ ಕೂತು ನೋಡಿ. 1983ರಲ್ಲಿ ಅನುವಿನಂಥವಳ ಬಗ್ಗೆ ಅವರ ಓಣಿಯಲ್ಲಿ ಏನು ಮಾತಾಡುತ್ತಿದ್ದರೆಂದು ಕೇಳಿ. ಆಮೇಲೆ ‘ಕನ್ನತ್ತಿಲ್ ಮುತ್ತಮಿಟ್ಟಾಲ್’, ಅದು ಎಲ್ಲಿಯೂ ಸಿಗುತ್ತದೆ. ವಿತಾನಗೆ ಅವರ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಹುಡುಕುವುದು ಸ್ವಲ್ಪ ಕಷ್ಟವಾಗಬಹುದು, ಅಡಿಬರಹ ಓದಬೇಕಾಗುತ್ತದೆ. ಸೆಲ್ವಿ ತನ್ನಷ್ಟಕ್ಕೆ ತಮಿಳಿನಲ್ಲಿ ಮಾತಾಡುವ ಕಡೆ ಮಾತ್ರ ಅದರ ಅಗತ್ಯ ನಿಮಗಿಲ್ಲ.